ಪಾರ್ಟಿಷನ್ ಅಳಿದ ಮೇಲೆ: ಹಾರ್ಡ್ ಡಿಸ್ಕಿನಿಂದ ಫೈಲ್ ರಿಕವರಿ

ಹಾರ್ಡ್ ಡಿಸ್ಕ್ ಒಂದೇ ಆದರೂ ಅದನ್ನು ಸಿ, ಡಿ, ಇ ಎಂದು ಭಾಗ ಮಾಡಿ ಬಳಸುವುದು ರೂಢಿ. ಒಂದೊಂದು ಭಾಗವೂ ಒಂದೊಂದು ಪಾರ್ಟಿಷನ್. ಅವುಗಳಲ್ಲೊಂದು ಕೈತಪ್ಪಿ ಅಳಿದಾಗ ಅದರೊಳಗಿನ ಫೈಲ್‌ಗಳನ್ನು ಮರಳಿ ಪಡೆಯುವ ಕೆಲಸವೇ ಪಾರ್ಟಿಷನ್ ರಿಕವರಿ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಆಡುಮಾತಿನಲ್ಲಿ ಹೇಳುವುದಾದರೆ ‘ಡಿ ಡ್ರೈವ್ ಕಾಣವಲ್ದು’ ಎಂಬಷ್ಟರಲ್ಲೇ ಇಡೀ ದೂರು ಮುಗಿಯುತ್ತದೆ. ಆ ಡ್ರೈವ್‌ನಲ್ಲಿ ಇದ್ದದ್ದು ಏನು ಎಂಬ ಪ್ರಶ್ನೆ ಆಮೇಲಿನದು: ಮದುವೆಯ ಫೋಟೊ, ಪತ್ತಿನ ಸಂಘದ ಲೆಕ್ಕ, ಶಾಲೆಯ ಅಂಕಪಟ್ಟಿ, ಹತ್ತು ವರ್ಷದ ಲಗ್ನಪತ್ರಿಕೆಗಳ ವಿನ್ಯಾಸ.

ಈ ಸೀಮೆಯನ್ನು ಬೇರೆಯಾಗಿ ನೋಡಲು ಕಾರಣಗಳಿವೆ. ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಹೊಸ ತಾಲ್ಲೂಕುಗಳಾದವು. ಅದಕ್ಕೂ ಮುನ್ನ ಅವು ಚಿಕ್ಕೋಡಿ ಮತ್ತು ಅಥಣಿಯ ಭಾಗಗಳು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲಿನಲ್ಲಿ ಕಬ್ಬು, ನಿಪ್ಪಾಣಿಯ ಸುತ್ತ ತಂಬಾಕು, ಅದರ ಬೆನ್ನಿಗೆ ಸಕ್ಕರೆ ಕಾರ್ಖಾನೆ, ಸಹಕಾರಿ ಸಂಘ, ದಲ್ಲಾಳಿ ಅಂಗಡಿ. ಹೀಗಾಗಿ ಲೆಕ್ಕಪತ್ರ ಹೆಚ್ಚು, ಕಂಪ್ಯೂಟರ್‌ಗಳೂ ಹೆಚ್ಚು. ಛಾಪಖಾನೆಯ ಕೆಲಸ ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತದೆ. ಡಿಸ್ಕ್ ತೋರಿಸಲು ಪೇಟೆಗೆ ಹೋಗಬೇಕೆಂದರೆ ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ, ಕಾಗವಾಡದವರಿಗೆ ಮಿರಜ ಮತ್ತು ಸಾಂಗ್ಲಿ. ಜೊತೆಗೆ ಮಳೆಗಾಲದಲ್ಲಿ ಹೊಳೆ ಏರುವ ಊರುಗಳಿವು. ಹಾರ್ಡ್ ಡಿಸ್ಕಿಗೆ ಬರಬಹುದಾದ ಎಲ್ಲ ಬಗೆಯ ಆಪತ್ತುಗಳಿಗೂ ಇಲ್ಲಿ ಉದಾಹರಣೆ ಸಿಗುತ್ತದೆ.

ಅಳಿಯುವುದು ಯಾವುದು, ಉಳಿಯುವುದು ಯಾವುದು

ಪಾರ್ಟಿಷನ್ ಅಳಿಸಿದರೆ ಫೈಲ್‌ಗಳು ಅಳಿಯುವುದಿಲ್ಲ. ತಹಶೀಲ್ದಾರ ಕಚೇರಿಯಲ್ಲಿ ಪಹಣಿಯ ಒಂದು ಪುಟ ಹರಿದುಹೋದರೆ ಹೊಲವೇನೂ ಮಾಯವಾಗುವುದಿಲ್ಲ. ಬದು, ಬಾವಿ, ನಿಂತ ಕಬ್ಬು ಎಲ್ಲ ಇದ್ದಲ್ಲೇ ಇರುತ್ತವೆ. ಆದರೆ ಕಾಗದದ ಮಟ್ಟಿಗೆ ಅದು ಖಾಲಿ ಜಾಗ, ಬೇರೆಯವರ ಹೆಸರಿಗೆ ಬರೆದುಕೊಡಲು ಅಡ್ಡಿಯಿಲ್ಲ. ವಿಂಡೋಸ್ ‘ಅನ್‌ಅಲೊಕೇಟೆಡ್’ ಎಂದು ಕಪ್ಪು ಪಟ್ಟಿ ತೋರಿಸುವುದು ಇಂಥ ಜಾಗಕ್ಕೇ.

ಹಳೆಯ ಡಿಸ್ಕುಗಳಲ್ಲಿ ಆ ಪುಟ ಅಚ್ಚರಿಯಾಗುವಷ್ಟು ಚಿಕ್ಕದು. ಐಬಿಎಂ ಪಿಸಿಗೆಂದು 1983ರಲ್ಲಿ ಡಾಸ್ 2.0 ಜೊತೆ ಬಂದ ‘ಮಾಸ್ಟರ್ ಬೂಟ್ ರೆಕಾರ್ಡ್’ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, 512 ಬೈಟ್‌ಗಳೊಳಗೆ ಅಡಗಿದೆ. ಮೊದಲ 446 ಬೈಟ್ ಕಂಪ್ಯೂಟರ್ ಏಳಲು ಬೇಕಾದ ಸಣ್ಣ ಪ್ರೋಗ್ರಾಮಿಗೆ, ನಂತರದ 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ, ಕೊನೆಯ ಎರಡು ಬೈಟ್ ಗುರುತಿಗೆ. ಒಂದು ಪಾರ್ಟಿಷನ್ನಿಗೆ ಸಿಗುವುದು ಬರೀ 16 ಬೈಟ್: ಎಲ್ಲಿ ಶುರು, ಎಷ್ಟು ಉದ್ದ, ಯಾವ ಬಗೆ. 400 ಜಿ.ಬಿ.ಯ ಡಿ ಡ್ರೈವ್ ‘ಹೋಯಿತು’ ಎಂದಾಗ ನಿಜವಾಗಿ ಹೋದದ್ದು ಈ 16 ಬೈಟ್.

ನಾಲ್ಕೇ ಜಾಗ ಸಾಲದ್ದರಿಂದ ‘ಎಕ್ಸ್‌ಟೆಂಡೆಡ್ ಪಾರ್ಟಿಷನ್’ ಎಂಬ ಉಪಾಯ ಹುಟ್ಟಿತು. ವಿಂಡೋಸ್ ಎಕ್ಸ್‌ಪಿ ಕಾಲದ ಮಷಿನ್‌ಗಳಲ್ಲಿ ಸಿ ಡ್ರೈವ್ ಮುಖ್ಯ ಪಾರ್ಟಿಷನ್ ಆಗಿದ್ದರೆ ಡಿ, ಇ, ಎಫ್ ಮೂರೂ ಒಂದೇ ಎಕ್ಸ್‌ಟೆಂಡೆಡ್ ಭಾಗದೊಳಗೆ ಸರಪಳಿಯಾಗಿರುತ್ತವೆ. ಡಿ ತನ್ನ ಮುಂದಿನ ಇ ಎಲ್ಲಿದೆ ಎಂದು ಹೇಳುತ್ತದೆ, ಇ ಎಫ್‌ನ ಜಾಗ ಹೇಳುತ್ತದೆ. ನಡುವಿನ ಒಂದು ಕೊಂಡಿ ಕಳಚಿದರೆ ಅದರ ಮುಂದಿನವೆಲ್ಲ ಒಮ್ಮೆಲೇ ಕಾಣೆ. ಒಂದನ್ನು ಅಳಿಸಿದೆ, ಮೂರು ಹೋದವು ಎಂದು ಗಾಬರಿಯಾಗುವವರ ಸಮಸ್ಯೆ ಸಾಮಾನ್ಯವಾಗಿ ಇದೇ.

ಈಗಿನ ಕಂಪ್ಯೂಟರ್‌ಗಳು ಬಳಸುವ ಜಿ.ಪಿ.ಟಿ. ವ್ಯವಸ್ಥೆ ಹೆಚ್ಚು ಉದಾರಿ. ಅದರಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗವಿದೆ, ಒಂದೊಂದಕ್ಕೆ 128 ಬೈಟ್. ಪಟ್ಟಿ ಕೆಟ್ಟಿದೆಯೇ ಎಂದು ಪರೀಕ್ಷಿಸಲು ತಾಳೆಸಂಖ್ಯೆ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿ ಇರುತ್ತದೆ. ಡಿಸ್ಕಿನ ಆರಂಭದ ಪ್ರತಿ ಮಾತ್ರ ಕೆಟ್ಟರೆ ಕೊನೆಯದರಿಂದ ಸರಿಪಡಿಸಬಹುದು. ಆದರೆ ಮನುಷ್ಯನೇ ‘ಡಿಲೀಟ್’ ಒತ್ತಿದರೆ ಎರಡೂ ಪ್ರತಿಗಳು ಒಟ್ಟಿಗೇ ತಿದ್ದಲ್ಪಡುತ್ತವೆ. ಯಂತ್ರದ ತಪ್ಪಿನಿಂದ ಕಾಪಾಡುವ ವ್ಯವಸ್ಥೆ ಯಜಮಾನನ ಅಪ್ಪಣೆಯನ್ನು ಪ್ರಶ್ನಿಸುವುದಿಲ್ಲ.

ಪಟ್ಟಿ ಹೋದರೂ ಗಡಿಯ ಗುರುತುಗಳು ಉಳಿದಿರುತ್ತವೆ, ರಿಕವರಿ ನಿಂತಿರುವುದೇ ಇದರ ಮೇಲೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನ ಮೊದಲ ಸೆಕ್ಟರಿನಲ್ಲಿರುವ ವಿವರದ ನಕಲು ಅದರ ಕೊನೆಯ ಸೆಕ್ಟರಿನಲ್ಲೂ ಇರುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಕಾಣುವ ಫ್ಯಾಟ್32ರಲ್ಲಿ ನಕಲು ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ. ಲಿನಕ್ಸ್‌ನ ಇಎಕ್ಸ್‌ಟಿ4 ತನ್ನ ಮುಖ್ಯ ವಿವರವನ್ನು ಪಾರ್ಟಿಷನ್ನಿನ ಉದ್ದಕ್ಕೂ ಹಲವೆಡೆ ನಕಲು ಮಾಡಿಡುತ್ತದೆ. ಇಷ್ಟಲ್ಲದೆ, ಪಾರ್ಟಿಷನ್ ಎಲ್ಲಿಂದ ಶುರುವಾಗಬಹುದು ಎಂಬುದಕ್ಕೂ ಒಂದು ಅಂದಾಜಿದೆ: ಎಕ್ಸ್‌ಪಿ ಕಾಲದ ಡಿಸ್ಕಿನಲ್ಲಿ ಮೊದಲ ಪಾರ್ಟಿಷನ್ 63ನೇ ಸೆಕ್ಟರಿನಿಂದ, ವಿಸ್ಟಾದ ನಂತರದ ಡಿಸ್ಕುಗಳಲ್ಲಿ 2048ನೇ ಸೆಕ್ಟರಿನಿಂದ. ಅನುಭವಿ ತಂತ್ರಜ್ಞರು ಮೊದಲು ಕೇಳುವ ಪ್ರಶ್ನೆ ‘ಮಷಿನ್ ಯಾವ ವರ್ಷದ್ದು?’ ಎಂದಿರುವುದರ ಹಿಂದೆ ಇಂಥ ಲೆಕ್ಕವೇ ಇದೆ.

ತಪ್ಪು ನಡೆಯುವ ಜಾಗಗಳು

ಬಹುಪಾಲು ಅಪಘಾತಗಳು ನಡೆಯುವುದು ವಿಂಡೋಸ್ ಹೊಸದಾಗಿ ಹಾಕುವಾಗ. ಕಂಪ್ಯೂಟರ್ ನಿಧಾನವಾಯಿತು, ವೈರಸ್ ಬಂತು, ‘ಒಮ್ಮೆ ಫಾರ್ಮ್ಯಾಟ್ ಹೊಡೀರಿ’ ಎಂದು ಗಿರಾಕಿ ಹೇಳುತ್ತಾನೆ. ಸಿ ಡ್ರೈವ್ ಮಾತ್ರ ಎಂದು ಅವನ ಮನಸ್ಸಿನಲ್ಲಿ, ಇಡೀ ಡಿಸ್ಕ್ ಎಂದು ಅಂಗಡಿಯವನ ಮನಸ್ಸಿನಲ್ಲಿ. ಇನ್‌ಸ್ಟಾಲ್ ಪರದೆಯ ಮೇಲೆ ಸಿ, ಡಿ ಎಂಬ ಅಕ್ಷರಗಳೇ ಕಾಣುವುದಿಲ್ಲ. ಪಾರ್ಟಿಷನ್ 1, 2, 3 ಎಂಬ ಅಂಕಿ ಮತ್ತು ಗಾತ್ರ ಮಾತ್ರ. ನೂರು, ಐನೂರು ಎಂ.ಬಿ.ಯ ಸಣ್ಣ ಭಾಗಗಳು ನಡುವೆ ಸೇರಿಕೊಂಡು ಗೊಂದಲ ಹೆಚ್ಚಿಸುತ್ತವೆ. ಎಲ್ಲವನ್ನೂ ಅಳಿಸಿ ಒಂದೇ ಮಾಡುವುದು ಕೈಗೆ ಸುಲಭ, ಆಗುವುದೂ ಅದೇ.

ಇನ್ನೊಂದು ಜಾಗ ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಪ್ರೋಗ್ರಾಂ. ಪೆನ್‌ಡ್ರೈವ್ ಸ್ವಚ್ಛ ಮಾಡಲು ಹೋಗಿ ತಪ್ಪು ಡಿಸ್ಕ್ ಆರಿಸಿ ‘ಕ್ಲೀನ್’ ಎಂದರೆ ಅದು ಮರುಪ್ರಶ್ನೆ ಕೇಳದೆ ಪಟ್ಟಿಯನ್ನು ಒರೆಸುತ್ತದೆ. ಹೊರಗಿನ ಹಾರ್ಡ್ ಡಿಸ್ಕನ್ನು ಟಿವಿಗೋ ಡಿವಿಆರ್‌ಗೋ ಸಿಕ್ಕಿಸಿದಾಗ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದ್ದಕ್ಕೆ ಹೌದು ಎನ್ನುವುದು ಮೂರನೆಯದು. ಲಿನಕ್ಸ್ ಹಾಕಿ ನೋಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಡು ನಾಲ್ಕನೆಯದು. ಅವರಲ್ಲಿ ಅನೇಕರು ರಿಕವರಿ ಕಲಿಯುವುದೂ ಇದೇ ದಾರಿಯಲ್ಲಿ.

ಎಲ್ಲದರಲ್ಲೂ ಸಮಾನವಾದ ಸಂಗತಿಯೊಂದಿದೆ. ಅಳಿಸಿದ ಕ್ಷಣಕ್ಕಿಂತ ಅದರ ನಂತರದ ಒಂದು ತಾಸಿನಲ್ಲಿ ಆಗುವ ಹಾನಿಯೇ ದೊಡ್ಡದು. ಕಾಣದ ಡ್ರೈವ್ ಮತ್ತೆ ಕಾಣಲೆಂದು ಹೊಸ ಪಾರ್ಟಿಷನ್ ಮಾಡಿ ಫಾರ್ಮ್ಯಾಟ್ ಕೊಡುವುದು, ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳುವುದು, ಸಿಕ್ಕ ಫೈಲ್‌ಗಳನ್ನು ಅಲ್ಲಿಗೇ ಸೇವ್ ಮಾಡುವುದು, ಯಾರೋ ಹೇಳಿದರೆಂದು ಚೆಕ್‌ಡಿಸ್ಕ್ ಓಡಿಸುವುದು. ಚೆಕ್‌ಡಿಸ್ಕಿನ ಕೆಲಸ ಪಾರ್ಟಿಷನ್ನನ್ನು ತನ್ನೊಳಗೆ ಸುಸಂಬದ್ಧ ಮಾಡುವುದು. ಅದಕ್ಕೆ ಹೊಂದದ ಫೈಲ್ ದಾಖಲೆಗಳನ್ನು ಕಿತ್ತುಹಾಕಲು ಅದು ಹಿಂಜರಿಯುವುದಿಲ್ಲ. ವಿಸ್ಟಾದಿಂದೀಚೆಗೆ ‘ಕ್ವಿಕ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಇಡೀ ಪಾರ್ಟಿಷನ್ನಿಗೆ ಸೊನ್ನೆ ಬರೆಯಲಾಗುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಆಗದು.

ವಿಂಡೋಸ್ ಮತ್ತೆ ಹಾಕಿಯಾದ ಮೇಲೂ ಕತೆ ಮುಗಿದಿರಲೇಬೇಕೆಂದಿಲ್ಲ. 500 ಜಿ.ಬಿ. ಡಿಸ್ಕಿನಲ್ಲಿ ಮೊದಲ 100 ಜಿ.ಬಿ. ಸಿ, ಉಳಿದದ್ದು ಡಿ ಎಂದಿಟ್ಟುಕೊಂಡರೆ, ಎರಡನ್ನೂ ಅಳಿಸಿ ಒಂದೇ ಮಾಡಿ ವಿಂಡೋಸ್ ಹಾಕಿದಾಗ ಅದು ಬರೆಯುವುದು ಬಹುಪಾಲು ಆರಂಭದ ಕೆಲವು ಹತ್ತು ಜಿ.ಬಿ.ಗಳಲ್ಲಿ. ಹಳೆಯ ಡಿ ಇದ್ದ ಜಾಗ 100 ಜಿ.ಬಿ.ಯ ಆಚೆ ಹೆಚ್ಚುಕಡಿಮೆ ಮುಟ್ಟದೆ ಉಳಿದಿರುತ್ತದೆ. ಸಿಯ ಪಾಡು ಹಾಗಲ್ಲ. ಎನ್‌ಟಿಎಫ್‌ಎಸ್ ತನ್ನ ಫೈಲ್ ಪಟ್ಟಿಯನ್ನು (ಎಂಎಫ್‌ಟಿ) ವಾಡಿಕೆಯಂತೆ ಪಾರ್ಟಿಷನ್ ಶುರುವಾದಲ್ಲಿಂದ ಸುಮಾರು 3 ಜಿ.ಬಿ. ದೂರದಲ್ಲಿ ಇಡುತ್ತದೆ. ಹೊಸ ಸಿ ಹಳೆಯ ಸಿಯ ಜಾಗದಲ್ಲೇ ಶುರುವಾದರೆ ಹೊಸ ಪಟ್ಟಿ ಹಳೆಯದರ ಮೇಲೆಯೇ ಕೂರುತ್ತದೆ. ಡೆಸ್ಕ್‌ಟಾಪ್ ಮೇಲೆ ಫೈಲ್ ಇಡುವವರು ಕಳೆದುಕೊಳ್ಳುವುದು, ಡಿಯಲ್ಲಿ ಇಟ್ಟವರು ಮರಳಿ ಪಡೆಯುವುದು ಇದರಿಂದ.

ಕೆಲಸದ ಕ್ರಮ

ತಿಳಿದವರು ಮೊದಲು ಕಂಪ್ಯೂಟರ್ ಆಫ್ ಮಾಡಿ ಡಿಸ್ಕನ್ನು ಕಳಚುತ್ತಾರೆ. ಇನ್ನೊಂದು ಕಂಪ್ಯೂಟರಿಗೆ ಅದನ್ನು ಜೋಡಿಸಿ, ಆರಂಭದಿಂದ ಕೊನೆಯವರೆಗೆ ಪ್ರತಿ ಸೆಕ್ಟರನ್ನೂ ಓದಿ ಬೇರೆ ಡಿಸ್ಕಿಗೆ ಪೂರ್ತಿ ನಕಲು ತೆಗೆಯುತ್ತಾರೆ. ಮುಂದಿನ ಪ್ರಯೋಗವೆಲ್ಲ ನಕಲಿನ ಮೇಲೆ. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ಹೆಸರಾದದ್ದು: ಓದಲು ಸುಲಭವಾದ ಭಾಗಗಳನ್ನು ಮೊದಲು ಎತ್ತಿಕೊಂಡು, ತೊಡಕಿನ ಸೆಕ್ಟರುಗಳಿಗೆ ಆಮೇಲೆ ಬರುತ್ತದೆ, ಎಲ್ಲಿಯವರೆಗೆ ಆಯಿತೆಂದು ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋದರೆ ಬಿಟ್ಟಲ್ಲಿಂದ ಮುಂದುವರಿಸಬಹುದು ಎಂಬುದು ಹಳ್ಳಿ ಕಡೆಯ ಅಂಗಡಿಗೆ ಸಣ್ಣ ಅನುಕೂಲವಲ್ಲ. 1 ಟಿ.ಬಿ. ಡಿಸ್ಕನ್ನು ಸೆಕೆಂಡಿಗೆ 100 ಎಂ.ಬಿ. ವೇಗದಲ್ಲಿ ಓದಲು ಮೂರು ತಾಸಿನ ಹತ್ತಿರ ಬೇಕು. ಹಳೆಯ ಯುಎಸ್‌ಬಿ 2.0 ಕೇಬಲ್ ಮೂಲಕ ಸೆಕೆಂಡಿಗೆ 30 ಎಂ.ಬಿ. ಸಿಕ್ಕರೆ ಒಂಬತ್ತು ತಾಸು ದಾಟುತ್ತದೆ. ‘ಸಂಜೆಗೆ ಕೊಡ್ರಿ’ ಎನ್ನುವ ಗಿರಾಕಿಗೆ ಈ ಲೆಕ್ಕ ಹೇಳುವುದೇ ಕೆಲಸದ ಕಷ್ಟದ ಭಾಗ.

ನಂತರದ ಹುಡುಕಾಟಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಟೆಸ್ಟ್‌ಡಿಸ್ಕ್. ಫ್ರಾನ್ಸ್‌ನ ಕ್ರಿಸ್ಟೋಫ್ ಗ್ರೆನಿಯೇ 1998ರಿಂದ ಬೆಳೆಸಿಕೊಂಡು ಬಂದ ಇದು ಉಚಿತ, ಮೂಲಸಂಕೇತವೂ ಮುಕ್ತ. ಕಪ್ಪು ಪರದೆಯ ಮೇಲೆ ಅಕ್ಷರ ಮಾತ್ರ ತೋರಿಸುವುದರಿಂದ ಮೊದಲ ಸಲ ನೋಡಿದವರು ಹೆದರುತ್ತಾರೆ. ಅದು ಮಾಡುವುದು ಇಷ್ಟು: ಡಿಸ್ಕಿನ ಉದ್ದಕ್ಕೂ ನಡೆದು ಪಾರ್ಟಿಷನ್ನಿನ ಆರಂಭ ಅಥವಾ ಅಂತ್ಯದ ಗುರುತುಗಳನ್ನು ಹುಡುಕಿ, ಅವುಗಳಿಂದ ಹಳೆಯ ಗಡಿಗಳನ್ನು ಲೆಕ್ಕಹಾಕಿ ಮುಂದಿಡುತ್ತದೆ. ಒಂದೇ ಡಿಸ್ಕಿಗೆ ನಾಲ್ಕು ಸಲ ವಿಂಡೋಸ್ ಹಾಕಿದ್ದರೆ ನಾಲ್ಕು ಕಾಲದ ಗಡಿಗಳೂ ಒಂದರ ಮೇಲೊಂದು ಸಿಗಬಹುದು. ಯಾವುದು ಬೇಕಾದದ್ದು ಎಂದು ತೀರ್ಮಾನಿಸುವುದು ಮನುಷ್ಯನೇ. ಒಳಗಿನ ಫೋಲ್ಡರ್‌ಗಳ ಹೆಸರು ನೋಡಿ ಖಚಿತ ಮಾಡಿಕೊಂಡು, ಫೈಲ್‌ಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲಷ್ಟೇ ಪಟ್ಟಿಯನ್ನು ತಿದ್ದುವುದು ಜಾಣತನ.

ನಿಪ್ಪಾಣಿಯ ದಲ್ಲಾಳಿಗೋ ಚಿಕ್ಕೋಡಿಯ ಪತ್ತಿನ ಸಂಘಕ್ಕೋ ಪಾರ್ಟಿಷನ್ ಹಳೆಯ ರೂಪದಲ್ಲೇ ಸಿಗುವುದು ಅಗತ್ಯ. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಲೆಕ್ಕದ ಸಾಫ್ಟ್‌ವೇರನ್ನೇ ನೋಡಬಹುದು. ಟ್ಯಾಲಿ ಇಆರ್‌ಪಿ 9ರಲ್ಲಿ ಒಂದು ಕಂಪನಿಯ ಲೆಕ್ಕ ಎಂದರೆ 10000, 10001ರಂಥ ಅಂಕಿಯ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಒಂದನ್ನೊಂದು ನೆಚ್ಚಿಕೊಂಡ ಹಲವು ಫೈಲ್‌ಗಳು. ಒಂದೊಂದಾಗಿ ಹೆಕ್ಕಿ ತಂದು ಹೊಸ ಹೆಸರಿಟ್ಟರೆ ಅವುಗಳಿಂದ ಖಾತೆ ತೆರೆಯುವುದಿಲ್ಲ. ಹೆಸರು, ಫೋಲ್ಡರ್, ಜೋಡಣೆ ಎಲ್ಲ ಸರಿಯಿರಬೇಕು.

ಹೆಸರಿಲ್ಲದ ಫೋಟೊಗಳು

ಫೋಟೊ ಸ್ಟುಡಿಯೋದವರ ಅದೃಷ್ಟ ಬೇರೆ. ಫೈಲ್ ಪಟ್ಟಿ ಪೂರ್ತಿ ಹಾಳಾದರೂ ಫೋಟೊ ಸಿಗುವ ದಾರಿಯೊಂದಿದೆ, ಅದಕ್ಕೆ ಕಾರ್ವಿಂಗ್ ಎಂದು ಹೆಸರು. ಹೆಚ್ಚಿನ ಬಗೆಯ ಫೈಲ್‌ಗಳಿಗೆ ಮೊದಲ ಕೆಲವು ಬೈಟ್‌ಗಳಲ್ಲಿ ನಿಗದಿತ ಸಹಿ ಇರುತ್ತದೆ. ಜೆಪೆಗ್ ಫೋಟೊ 255, 216, 255 ಎಂಬ ಬೈಟ್‌ಗಳಿಂದ ಶುರುವಾಗಿ 255, 217ರಲ್ಲಿ ಮುಗಿಯುತ್ತದೆ. ಟೆಸ್ಟ್‌ಡಿಸ್ಕ್‌ನ ಜೊತೆಗೇ ಬರುವ ಫೋಟೊರೆಕ್ ಎಂಬ ಸಾಫ್ಟ್‌ವೇರ್ ಪಾರ್ಟಿಷನ್ ಇದೆಯೋ ಇಲ್ಲವೋ ನೋಡದೆ ಇಂಥ ಸಹಿಗಳನ್ನೇ ಹುಡುಕುತ್ತ ಹೋಗುತ್ತದೆ. ಸಿಗುವ ಫೋಟೊಗಳಿಗೆ ಹೆಸರಿಲ್ಲ, ಫೋಲ್ಡರ್ ಇಲ್ಲ. ಒಂದು ಮದುವೆಯ ಅಕ್ಷತೆಯ ಪಕ್ಕದಲ್ಲಿ ಇನ್ನೊಂದು ಮನೆಯ ತೊಟ್ಟಿಲು. ಆದರೂ ಫೋಟೊದೊಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕ ಉಳಿದಿರುವುದರಿಂದ ಮುಹೂರ್ತದ ದಿನ ಹಿಡಿದು ಬೇರ್ಪಡಿಸಬಹುದು.

ವಿಡಿಯೊ ಇಷ್ಟು ಸಲೀಸಲ್ಲ. ದೊಡ್ಡ ಫೈಲ್‌ಗಳು ಡಿಸ್ಕಿನಲ್ಲಿ ತುಂಡುತುಂಡಾಗಿ ಹರಡಿರುತ್ತವೆ, ಕಾರ್ವಿಂಗ್‌ಗೆ ಮೊದಲ ತುಂಡು ಮಾತ್ರ ಗೊತ್ತಾಗುತ್ತದೆ. ಎಂಪಿ4 ಫೈಲ್‌ನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಸೂಚಿ ಹಲವು ಸಲ ಕೊನೆಯಲ್ಲಿರುತ್ತದೆ. ಅದು ಸಿಗದಿದ್ದರೆ ಐದು ಜಿ.ಬಿ.ಯ ವಿಡಿಯೊ ಕೈಗೆ ಬಂದರೂ ಓಡುವುದಿಲ್ಲ.

ಕನ್ನಡದ ಫೈಲ್‌ಗಳ ವಿಶೇಷ ತೊಡಕು

ರಿಕವರಿಯ ಕೈಪಿಡಿಗಳಲ್ಲಿ ಸಿಗದ, ಆದರೆ ಈ ಸೀಮೆಯ ಡಿಟಿಪಿ ಅಂಗಡಿಗಳಲ್ಲಿ ಎದುರಾಗುವ ಸಮಸ್ಯೆಯೊಂದಿದೆ. ಫೈಲ್ ಸರಿಯಾಗಿಯೇ ಮರಳುತ್ತದೆ, ಆದರೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಾಲು. ‘ಕರಪ್ಟ್ ಆಗಿದೆ’ ಎಂದು ಅಳಿಸಿಬಿಡುತ್ತಾರೆ. ನಿಜಕ್ಕೂ ಅದು ನುಡಿ ಅಥವಾ ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಚೊಕ್ಕ ಕನ್ನಡ.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿತ್ತು. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ಆದರೆ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೊಶಾಪ್‌ಗಳ ಹಳೆಯ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಯೂನಿಕೋಡ್‌ನಲ್ಲಿ ಜೋಡಿಸಲಾರದೆ ಹೋದದ್ದರಿಂದ ಮುದ್ರಣದ ಲೋಕ ವರ್ಷಗಟ್ಟಲೆ ಬೇರೆ ದಾರಿ ಹಿಡಿಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ (1998), ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಎಲ್ಲವೂ ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದವು. ಫೈಲ್‌ನೊಳಗೆ ಕನ್ನಡವೆಂಬ ಗುರುತೇ ಇಲ್ಲ; ಕನ್ನಡ ಇರುವುದು ಫಾಂಟ್‌ನಲ್ಲಿ. ಸಿ ಡ್ರೈವ್ ಜೊತೆ ಫಾಂಟ್‌ಗಳೂ ಹೋದಾಗ ಡಿ ಡ್ರೈವಿನ ಫೈಲ್‌ಗಳು ಮೂಕವಾಗುವುದು ಈ ಕಾರಣಕ್ಕೆ. ಅದೇ ಫಾಂಟ್ ಮತ್ತೆ ಹಾಕಿದರೆ, ಇಲ್ಲವೇ ಪರಿವರ್ತಕದಿಂದ ಯೂನಿಕೋಡ್‌ಗೆ ತಂದರೆ ಎಲ್ಲ ಮೊದಲಿನಂತೆ. ಲಗ್ನಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ ಇದ್ದರೆ ಎರಡು ಬಗೆಯ ಫಾಂಟ್‌ಗಳೂ ಬೇಕು.

ಕಳೆದ ಬರಹವನ್ನು ಡಿಸ್ಕಿನ ಬೈಟ್‌ಗಳಲ್ಲೇ ಹುಡುಕುವಾಗ ಈ ಭೇದ ಇನ್ನಷ್ಟು ಮುಖ್ಯ. ಯೂನಿಕೋಡ್‌ನ ಯುಟಿಎಫ್‌-8 ರೂಪದಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಮರಾಠಿಯ ದೇವನಾಗರಿಗೂ ಮೊದಲ ಬೈಟ್ 224, ಎರಡನೆಯದು ಮಾತ್ರ 164 ಅಥವಾ 165. ಹಳೆಯ ನೋಟ್‌ಪ್ಯಾಡಿನಲ್ಲಿ ‘ಯೂನಿಕೋಡ್’ ಎಂದು ಸೇವ್ ಮಾಡಿದ ಫೈಲ್‌ಗಳು ಯುಟಿಎಫ್‌-16ರಲ್ಲಿರುತ್ತವೆ, ಅಲ್ಲಿ ಕನ್ನಡಕ್ಕೆ ಎರಡೆರಡು ಬೈಟ್, ಜೋಡಿಯ ಎರಡನೆಯದು 12. ಹೆಸರಿಲ್ಲದ ಸಾವಿರ ಟೆಕ್ಸ್ಟ್ ಫೈಲ್‌ಗಳಲ್ಲಿ ಕನ್ನಡದವು ಯಾವುವು, ಮರಾಠಿಯವು ಯಾವುವು ಎಂದು ತೆರೆಯದೆಯೇ ವಿಂಗಡಿಸಲು ಇಷ್ಟು ಸಾಕು. ನುಡಿಯ ಹಳೆಯ ಫೈಲ್ ಹುಡುಕಬೇಕಾದರೆ ಈ ಯಾವ ಅಂಕಿಯೂ ಪ್ರಯೋಜನಕ್ಕಿಲ್ಲ; ಬೇಕಾದ ಪದವನ್ನು ನುಡಿಯಲ್ಲೇ ಟೈಪ್ ಮಾಡಿ, ಅದರಿಂದ ಹುಟ್ಟುವ ಲ್ಯಾಟಿನ್ ಸಾಲನ್ನು ಹುಡುಕಬೇಕು. ಅದೂ ಟೆಕ್ಸ್ಟ್ ಫೈಲ್ ಮತ್ತು ಹಳೆಯ ವರ್ಡ್ ಫೈಲ್‌ಗಳಿಗೆ ಸಲ್ಲುವ ಮಾತು. 2007ರ ನಂತರದ ವರ್ಡ್ ಫೈಲ್ ಒಳಗಿನಿಂದ ಜಿಪ್ ಆಗಿರುವುದರಿಂದ ಬಿಚ್ಚದೆ ಒಂದು ಪದವೂ ಸಿಗದು.

ಸಮಾಧಾನದ ಸಂಗತಿ ಒಂದಿದೆ. ಎನ್‌ಟಿಎಫ್‌ಎಸ್ ಫೈಲ್ ಹೆಸರುಗಳನ್ನು ಯುಟಿಎಫ್‌-16ರಲ್ಲೇ ಇಡುತ್ತದೆ. ಫೈಲ್ ಪಟ್ಟಿ ಉಳಿದಿದ್ದರೆ ‘ಗ್ರಾಮಸಭೆ ಠರಾವು’ ಎಂದು ಕನ್ನಡದಲ್ಲಿಟ್ಟ ಹೆಸರು ಹಾಗೆಯೇ ಮರಳುತ್ತದೆ. ಆ ಪಟ್ಟಿಯ ಒಂದೊಂದು ದಾಖಲೆ ಸಾಮಾನ್ಯವಾಗಿ 1,024 ಬೈಟ್. ಕೆಲವೇ ಸಾಲಿನ ಟಿಪ್ಪಣಿಯಂಥ ಪುಟ್ಟ ಫೈಲ್ ಆಗಿದ್ದರೆ ಅದರ ಪೂರ್ತಿ ಪಠ್ಯವೂ ಆ ದಾಖಲೆಯೊಳಗೇ ಇರುತ್ತದೆ.

ಎಸ್‌ಎಸ್‌ಡಿ ಮತ್ತು ಬೀಗ

ಇಲ್ಲಿಯವರೆಗಿನ ಭರವಸೆ ಹೆಚ್ಚಾಗಿ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಸೇರಿದ್ದು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಅಪ್ಪಣೆಯಿದೆ. ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ತಿಳಿಸಿದರೆ ಎಸ್‌ಎಸ್‌ಡಿ ಅದನ್ನು ತನ್ನ ಬಿಡುವಿನಲ್ಲಿ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಸೊನ್ನೆ. 2009ರ ವಿಂಡೋಸ್ 7ರಿಂದ ಈ ಸೌಲಭ್ಯವಿದೆ. ಎಸ್‌ಎಸ್‌ಡಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಕೊಟ್ಟರೂ ಟ್ರಿಮ್ ಅಪ್ಪಣೆ ಹೋಗುತ್ತದೆ, ಹಾರ್ಡ್ ಡಿಸ್ಕಿನಲ್ಲಿ ಹತ್ತು ಸಲ ಕೊಟ್ಟರೂ ಉಳಿಯುತ್ತಿದ್ದ ಫೈಲ್‌ಗಳು ಇಲ್ಲಿ ಒಂದೇ ಸಲಕ್ಕೆ ಹೋಗುತ್ತವೆ. ಹಳೆಯ ಕಂಪ್ಯೂಟರಿಗೆ ವೇಗ ಬರಲೆಂದು ಎಸ್‌ಎಸ್‌ಡಿ ಹಾಕಿಸುವಾಗ ಈ ಮಾತನ್ನು ಯಾರೂ ಹೇಳುವುದಿಲ್ಲ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇನ್ನೊಂದು ಗೋಡೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಅಂಥ ಪಾರ್ಟಿಷನ್ ಅಳಿದರೆ ಗಡಿ ಹುಡುಕುವುದಷ್ಟೇ ಸಾಲದು, 48 ಅಂಕಿಗಳ ರಿಕವರಿ ಕೀ ಬೇಕು. ಅದು ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ; ಆ ಖಾತೆಯನ್ನು ಅಂಗಡಿಯಲ್ಲಿ ಯಾರದೋ ಇಮೇಲ್‌ನಿಂದ ಮಾಡಿಸಿದ್ದರೆ ತೊಡಕು ದುಪ್ಪಟ್ಟು. ಇಲ್ಲಿ ಕಾರ್ವಿಂಗ್ ಕೂಡ ನಡೆಯದು, ಸಹಿಯ ಬೈಟ್‌ಗಳೂ ಗೂಢಲಿಪಿಯೊಳಗೇ ಸೇರಿರುತ್ತವೆ.

ಹೊಳೆಯ ನೀರು

2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳ ಪ್ರವಾಹ ಈ ಐದೂ ತಾಲ್ಲೂಕುಗಳ ನದಿತೀರದ ಹಳ್ಳಿಗಳನ್ನು ಮುಳುಗಿಸಿತು. 2005ರಲ್ಲಿ, 2021ರಲ್ಲಿ ಕೂಡ ನೀರು ಏರಿತ್ತು. 2021ರ ಜುಲೈನಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯ ಮೇಲೆಯೇ ಹರಿಯಿತು. ಇಂಥ ನೀರಿನಲ್ಲಿ ಮುಳುಗಿದ ಕಂಪ್ಯೂಟರಿನ ಡಿಸ್ಕಿನಲ್ಲಿ ಪಾರ್ಟಿಷನ್ ಪಟ್ಟಿ ಸರಿಯಾಗಿಯೇ ಇರುತ್ತದೆ, ಓದುವ ಯಂತ್ರವೇ ಕೆಟ್ಟಿರುತ್ತದೆ.

ಸಾಮಾನ್ಯ ಹಾರ್ಡ್ ಡಿಸ್ಕ್ ಗಾಳಿಯಾಡದ ಪೆಟ್ಟಿಗೆಯಲ್ಲ. ಒಳಹೊರಗಿನ ಒತ್ತಡ ಸಮ ಮಾಡಲು ಅದಕ್ಕೊಂದು ಸೂಜಿಮೊನೆಯ ರಂಧ್ರವಿದೆ, ಮುಳುಗಿದಾಗ ನೀರು ಅಲ್ಲಿಂದ ನುಸುಳಬಹುದು. ಓದುವ ಹೆಡ್ ತಟ್ಟೆಯ ಮೇಲೆ ತೇಲುವ ಎತ್ತರ ಕೆಲವೇ ನ್ಯಾನೊಮೀಟರ್. ನದಿಯ ರಾಡಿ ಒಣಗಿ ಕೂತ ಒಂದು ಕಣ ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಬಿಸಿಲಿಗಿಟ್ಟು ಒಣಗಿಸಿ ಕರೆಂಟ್ ಕೊಟ್ಟು ನೋಡುವುದು, ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವುದು ಎರಡೂ ಹಾನಿಯ ಉಪಾಯಗಳೇ. ರಿಕವರಿ ಪ್ರಯೋಗಾಲಯಗಳು ಕೇಳುವುದು ಉಲ್ಟಾ: ಡಿಸ್ಕನ್ನು ಒಣಗಗೊಡದೆ, ತೇವವಿದ್ದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬೇಗ ಕಳಿಸಬೇಕು, ನಡುವೆ ಒಮ್ಮೆಯೂ ಕರೆಂಟ್ ಕೊಡಬಾರದು. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ತಟ್ಟೆ ತೊಳೆದು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ಜೋಡಿಸಿ ಓದುವ ಈ ಕೆಲಸ ತಾಲ್ಲೂಕು ಪೇಟೆಯ ಅಂಗಡಿಯದಲ್ಲ.

ಇದರ ಸಾಧ್ಯತೆ ಎಲ್ಲಿಯವರೆಗೆ ಎಂಬುದಕ್ಕೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಡಿಸ್ಕನ್ನು ಉದಾಹರಿಸುತ್ತಾರೆ. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತ 2003ರ ಫೆಬ್ರುವರಿ 1ರ ದುರಂತದಲ್ಲಿ ಆಕಾಶದಿಂದ ಉದುರಿ ಸುಟ್ಟು ಕರಕಲಾದ ಹಾರ್ಡ್ ಡಿಸ್ಕೊಂದು ಆಮೇಲೆ ಒಣಗಿದ ಕೆರೆಯಂಗಳದಲ್ಲಿ ಸಿಕ್ಕಿತು. ಅಮೆರಿಕದ ಆನ್‌ಟ್ರ್ಯಾಕ್ ಪ್ರಯೋಗಾಲಯ ಅದರಿಂದ ಸುಮಾರು ಶೇ 99ರಷ್ಟು ಮಾಹಿತಿ ತೆಗೆಯಿತು, ಆ ಡಿಸ್ಕಿನಲ್ಲಿದ್ದ ಕ್ಸೆನಾನ್ ಅನಿಲದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಡಾಸ್ ವ್ಯವಸ್ಥೆ ಮಾಹಿತಿಯನ್ನು ಚದುರಿಸದೆ ಒಂದೆಡೆ ಬರೆದಿದ್ದುದೂ ಅದಕ್ಕೆ ನೆರವಾಯಿತು.

ತಾಲ್ಲೂಕಿನಿಂದ ಆಚೆ ಹೋದ ದಾಖಲೆ, ಪೇಟೆಗೆ ಬಂದ ಡಿಸ್ಕ್

ಸರಕಾರಿ ದಾಖಲೆಗಳ ಮಟ್ಟಿಗೆ ಚಿತ್ರ ಬದಲಾಗಿದೆ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಇಂದು ಆ ಮಾಹಿತಿ ಇರುವುದು ರಾಜ್ಯದ ದತ್ತಾಂಶ ಕೇಂದ್ರದಲ್ಲಿ. ರಾಯಬಾಗದ ಕಚೇರಿಯ ಒಂದು ಡಿಸ್ಕ್ ಹೋದರೆ ಯಾರ ಹೊಲದ ಕಾಗದವೂ ಹೋಗುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೂ ಒಂದೇ ಜಾಲಕ್ಕೆ ತರಲು ಕೇಂದ್ರ ಸರಕಾರ 2022ರಲ್ಲಿ 63,000 ಸಂಘಗಳಿಗಾಗಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಪಾಯ ಉಳಿದಿರುವುದು ಖಾಸಗಿ ಮೇಜುಗಳ ಮೇಲೆ.

ವ್ಯಾಜ್ಯ ಇರುವ ಡಿಸ್ಕುಗಳಿಗೆ ನಿಯಮ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ದಾಖಲೆಯ ಬೈಟ್‌ಗಳಿಂದ ಲೆಕ್ಕಹಾಕಿದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಒಂದು ಬೈಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಸಂಘದ ಅವ್ಯವಹಾರದ ದೂರಿನಲ್ಲಿ ಅಳಿಸಿದ ಪಾರ್ಟಿಷನ್ನನ್ನು ಅಂಗಡಿಯವನೊಬ್ಬ ಉಪಕಾರಕ್ಕೆಂದು ಮೂಲ ಡಿಸ್ಕಿನ ಮೇಲೆಯೇ ಸರಿಪಡಿಸಿದರೆ ಫೈಲ್ ಸಿಕ್ಕರೂ ಸಾಕ್ಷ್ಯ ದುರ್ಬಲವಾಗುತ್ತದೆ.

ಫೈಲ್ ಮರಳಿ ಪಡೆಯುವ ಈ ಜಾಣ್ಮೆಯ ಇನ್ನೊಂದು ಮಗ್ಗುಲು ಹಳೆಯ ಸಾಮಾನಿನ ಪೇಟೆಯಲ್ಲಿದೆ. ಅಮೆರಿಕದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್ 158 ಬಳಸಿದ ಹಾರ್ಡ್ ಡಿಸ್ಕುಗಳನ್ನು ಕೊಂಡು ನೋಡಿ 2003ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು, ಸರಿಯಾಗಿ ಒರೆಸಿದ್ದು 12 ಮಾತ್ರ. ಉಳಿದವುಗಳಲ್ಲಿ ಹಲವನ್ನು ಮಾರಿದವರು ಅಳಿಸಿಯೇ ಕೊಟ್ಟಿದ್ದೇವೆ ಎಂದುಕೊಂಡಿದ್ದರು. ಗುಜರಿಗೆ ಹಾಕುವ ಅಥವಾ ಹಳೆಯದಕ್ಕೆ ಹೊಸದು ಪಡೆಯುವ ಕಂಪ್ಯೂಟರಿನಲ್ಲಿ ಪಾರ್ಟಿಷನ್ ಅಳಿಸಿ ಕೊಟ್ಟರೆ, ಕೊಂಡವರು ಟೆಸ್ಟ್‌ಡಿಸ್ಕ್ ಹಾಕಿ ಆಧಾರ್ ಪ್ರತಿ, ಪಾಸ್‌ಬುಕ್, ಮನೆಯವರ ಫೋಟೊ ಎಲ್ಲ ತೆಗೆಯಬಹುದು. ಡಿಸ್ಕ್‌ಪಾರ್ಟ್‌ನ ‘ಕ್ಲೀನ್’ ಕೂಡ ಡಿಸ್ಕಿನ ಆರಂಭ ಮತ್ತು ಕೊನೆಯ ತುಸು ಭಾಗವನ್ನಷ್ಟೇ ಒರೆಸುತ್ತದೆ. ‘ಕ್ಲೀನ್ ಆಲ್’ ಎಂದರೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಹಾಗೆ ಬರೆದರೆ ಸಾಕು. ಎಸ್‌ಎಸ್‌ಡಿಗೆ ಅದರ ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಬಳಸುವುದು ಸರಿ, ಅದು ನಿಮಿಷಗಳಲ್ಲಿ ಮುಗಿಯುತ್ತದೆ. 1 ಟಿ.ಬಿ.ಯ ಹಾರ್ಡ್ ಡಿಸ್ಕಿಗೆ ಸೊನ್ನೆ ಬರೆಯಲು ಅದನ್ನು ಪೂರ್ತಿ ಓದಲು ಬೇಕಾದಷ್ಟೇ ಹೊತ್ತು, ಮೂರು ತಾಸಿನ ಹತ್ತಿರ, ಹಿಡಿಯುತ್ತದೆ.